ಇಂದಿನ ಧಮ್ಮ ಚಿಂತನೆ: ನೆಲ ಹಾಸುವ ಕೈ



ನಮ್ಮ ಬಳಗದ ಕೆಲವರು ಮನೆಯ ಕೋಣೆಗೆ ತಾವೇ ಲ್ಯಾಮಿನೇಟ್ ಹಲಗೆ ಹಾಸಲು ಹೊರಟಿದ್ದಾರೆ. ಮೊಳೆ, ಅಂಟು ಬೇಡ. ಒಂದರ ಅಂಚನ್ನು ಇನ್ನೊಂದರ ಕಚ್ಚಿಗೆ ಓರೆಯಾಗಿ ಕೂರಿಸಿ ಒತ್ತಿದರೆ ‘ಕ್ಲಿಕ್’ ಎಂದು ಕೂಡುತ್ತದೆ.

ಆದರೆ ಹೆಚ್ಚಿನ ಕೆಲಸ ಆ ಕ್ಲಿಕ್ಕಿಗೂ ಮೊದಲಿನದು. ಕೋಣೆಯ ಹವೆಗೆ ಒಗ್ಗಲೆಂದು ಪೆಟ್ಟಿಗೆಗಳನ್ನು 48 ಗಂಟೆ ಅಲ್ಲೇ ಮಲಗಿಸಿಡಬೇಕು. ನೆಲ ಗುಡಿಸಿ ಮಟ್ಟ ಮಾಡಬೇಕು. ತಗ್ಗಿದ್ದರೆ ಕಾಲಿಟ್ಟಾಗ ಹಲಗೆ ಬಗ್ಗಿ ಕೂಡಿಕೆ ಬಿಡುತ್ತದೆ. ಸಿಮೆಂಟ್ ನೆಲಕ್ಕೆ ಮೊದಲು ಪ್ಲಾಸ್ಟಿಕ್ ಹಾಳೆ, ಮೇಲೆ ಫೋಮ್. ಗೋಡೆಯ ಸುತ್ತ ಸುಮಾರು 10 ಮಿ.ಮೀ. ಸಂದು ಬಿಡಬೇಕು. ಮಳೆಗಾಲದ ತೇವಕ್ಕೆ ಹಲಗೆ ಹಿಗ್ಗುತ್ತದೆ, ಜಾಗ ಸಿಗದಿದ್ದರೆ ನಡುವೆ ಉಬ್ಬುತ್ತದೆ. ಸಂದನ್ನು ಸ್ಕರ್ಟಿಂಗ್ ಮುಚ್ಚುತ್ತದೆ, ಚಿಂತೆ ಬೇಡ.

ಇಲ್ಲಿ ದೂಳು ಗುಡಿಸಿದವರೇ ಅಳೆಯುತ್ತಾರೆ, ಅಳೆದವರೇ ಗರಗಸ ಹಿಡಿಯುತ್ತಾರೆ. ಜಾತಿಯೆಂದರೆ ಬರೀ ಶ್ರಮದ ವಿಭಜನೆಯಲ್ಲ, ಶ್ರಮಿಕರ ವಿಭಜನೆ ಎಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ತೋರಿಸಿದರು. ಗುಡಿಸುವ ಕೈ ಕೀಳು, ಅಳೆಯುವ ಕೈ ಮೇಲು ಎಂಬ ಲೆಕ್ಕ ಹುಟ್ಟಿದ್ದು ಅಲ್ಲಿಂದಲೇ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಎರಡೂ ಕೆಲಸ ಕೊಡಿ.

ಎಲ್ಲರಿಗೂ ಇದು ಆಗದು. ಕೆಲಸದವರನ್ನು ಕರೆಯುತ್ತೇವೆ, ತಪ್ಪೇನಿಲ್ಲ. ಆದರೆ ಓದಿ, ಸಂಬಳ ಕಂಡ ಮೇಲೆ ನಮ್ಮವರ ಕೆಲವು ಮನೆಗಳಲ್ಲೂ ಕೆಲಸದವರಿಗೆಂದೇ ಬೇರೆ ಲೋಟ ಬಂದು ಕೂತಿದೆ. 1927ರಲ್ಲಿ ಮಹಾಡ್ ಕೆರೆಯ ನೀರು ಮುಟ್ಟಲು ಬಾಬಾಸಾಹೇಬರ ಹಿಂದೆ ನಡೆದವರ ವಾರಸುದಾರರು ನಾವು.

ಭಾನುವಾರ ವಂದನೆಯಾದ ಮೇಲೆ ಇದನ್ನೇ ಮಾತಾಡೋಣ: ನಮ್ಮ ಮನೆಗೆ ನೆಲ ಹಾಸಲು ಬಂದವರು ಯಾವ ಲೋಟದಲ್ಲಿ ನೀರು ಕುಡಿದರು?