ಲೆಕ್ಕಕ್ಕೆ ಬಾರದ ವೆಚ್ಚ

ಕೂಡುಬಂಡವಾಳ ಸಂಸ್ಥೆಯ ಒಡೆತನವು ಒಬ್ಬನದಲ್ಲ. ಅದರ ಷೇರುಗಳನ್ನು ಕೊಂಡ ಎಲ್ಲರದು. ಇಂತಹ ಕೆಲವು ಸಂಸ್ಥೆಗಳು ತಮ್ಮ ನೌಕರರಿಗೆ ಸಂಬಳದ ಜೊತೆಗೆ ಇನ್ನೊಂದು ಸವಲತ್ತನ್ನು ನೀಡುತ್ತವೆ. ಇಂದು ಗೊತ್ತುಮಾಡಿದ ಬೆಲೆಗೆ ಸಂಸ್ಥೆಯ ಷೇರುಗಳನ್ನು ಕೆಲವು ವರ್ಷಗಳ ಅನಂತರ ಕೊಳ್ಳುವ ಹಕ್ಕೇ ಆ ಸವಲತ್ತು. ಇದಕ್ಕೆ 'ಸ್ಟಾಕ್ ಆಪ್ಷನ್' ಎಂದು ಹೆಸರು. ಷೇರಿನ ಬೆಲೆ ಏರಿದರೆ ನೌಕರನಿಗೆ ಲಾಭ. ಇಳಿದರೆ ಅವನು ಕೊಳ್ಳದೆ ಸುಮ್ಮನಿರಬಹುದು. ಕೈಯಿಂದ ಕಳೆದುಕೊಳ್ಳುವುದೇನೂ ಇಲ್ಲ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು 1994ರಲ್ಲಿಯೇ ನೌಕರರಿಗೆ ಷೇರು ದೊರಕಿಸುವ ಯೋಜನೆಯನ್ನು ಆರಂಭಿಸಿತು.

ಸಂಸ್ಥೆಯ ಪೆಟ್ಟಿಗೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗದೆ ನೌಕರನಿಗೆ ಲಾಭವಾಗುತ್ತದೆ. ಹಾಗಾದರೆ ಆ ಲಾಭ ಬರುವುದು ಎಲ್ಲಿಂದ?

ಒಂದು ಸಂಸ್ಥೆಯಲ್ಲಿ 100 ಷೇರುಗಳಿವೆ. ಒಂದೊಂದರ ಬೆಲೆ 60 ರೂಪಾಯಿ ಇದ್ದಾಗ, 25 ಹೊಸ ಷೇರುಗಳನ್ನು ಅದೇ ಬೆಲೆಗೆ ಕೊಳ್ಳುವ ಹಕ್ಕನ್ನು ನೌಕರರಿಗೆ ಕೊಡಲಾಯಿತೆನ್ನಿ. ಸಂಸ್ಥೆ ಬೆಳೆದು, ಕೆಲವು ವರ್ಷಗಳಲ್ಲಿ ಅದರ ಒಟ್ಟು ಬೆಲೆ 10,000 ರೂಪಾಯಿ ಆಯಿತು. ಎಂದರೆ ಷೇರಿಗೆ 100 ರೂಪಾಯಿ. ಆಗ ನೌಕರರು 1,500 ರೂಪಾಯಿ ತೆತ್ತು 25 ಷೇರುಗಳನ್ನು ಪಡೆದರು. ಈಗ ಸಂಸ್ಥೆಯ ಬೆಲೆ 11,500 ರೂಪಾಯಿ, ಷೇರುಗಳು 125. ಭಾಗಿಸಿದರೆ ಷೇರಿಗೆ 92 ರೂಪಾಯಿ ಮಾತ್ರ! ಹಳೆಯ ಷೇರುದಾರರು ಷೇರೊಂದಕ್ಕೆ 8 ರೂಪಾಯಿಯಂತೆ 800 ರೂಪಾಯಿ ಕಳೆದುಕೊಂಡರು. ನೌಕರರು ಷೇರೊಂದಕ್ಕೆ 32 ರೂಪಾಯಿಯಂತೆ ಅದೇ 800 ರೂಪಾಯಿಯನ್ನು ಗಳಿಸಿದರು. ಮಜ್ಜಿಗೆಗೆ ನೀರು ಬೆರೆಸಿದಂತೆ ಹಳಬರ ಪಾಲು ತೆಳುವಾಯಿತು.

ನೌಕರರ ದುಡಿಮೆಯಿಂದಲೇ ಸಂಸ್ಥೆ ಬೆಳೆಯಿತಲ್ಲವೆ ಎಂದು ಕೇಳಬಹುದು. ನಿಜ. ಆದರೆ ದುಡಿಮೆಗೆ ಕೊಟ್ಟ ಸಂಬಳವನ್ನು ಖರ್ಚೆಂದು ಬರೆಯುವಾಗ, ಅದೇ ದುಡಿಮೆಗೆ ಕೊಟ್ಟ ಹಕ್ಕನ್ನು ಏಕೆ ಬರೆಯಬಾರದು? ಬರೆಯದಿದ್ದರೆ ಲಾಭವು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ.

ಅಮೆರಿಕದಲ್ಲಿ ಈ ಪ್ರಶ್ನೆ ದೊಡ್ಡ ವಿವಾದವನ್ನೇ ಎಬ್ಬಿಸಿತು. ಲೆಕ್ಕಪತ್ರಗಳ ನಿಯಮಗಳನ್ನು ರೂಪಿಸುವ ಅಲ್ಲಿನ ಮಂಡಳಿಯು 1993ರಲ್ಲಿ, ಇದನ್ನು ಖರ್ಚೆಂದೇ ತೋರಿಸಬೇಕೆಂದು ಸೂಚಿಸಿತು. ಕಂಪ್ಯೂಟರ್ ಉದ್ಯಮದವರು ಬಲವಾಗಿ ಪ್ರತಿಭಟಿಸಿದರು. 1994ರಲ್ಲಿ ಸೆನೆಟ್ ಸಭೆಯೂ 88ಕ್ಕೆ 9 ಮತಗಳಿಂದ ಆ ಸೂಚನೆಯನ್ನು ವಿರೋಧಿಸಿತು. ಮಂಡಳಿ ಮಣಿಯಿತು, ಅಡಿಟಿಪ್ಪಣಿಯಲ್ಲಿ ತೋರಿಸಿದರೂ ಸಾಕೆಂದು 1995ರಲ್ಲಿ ಒಪ್ಪಿತು. ಎಷ್ಟು ಜನ ಅಡಿಟಿಪ್ಪಣಿಗಳನ್ನು ಓದುತ್ತಾರೆ! ಇಂತಹ ಹಕ್ಕಿನ ಬೆಲೆಯನ್ನು ಕರಾರುವಾಕ್ಕಾಗಿ ಅಳೆಯಲಾಗದೆಂಬುದು ವಿರೋಧಿಗಳ ಮುಖ್ಯ ವಾದಗಳಲ್ಲೊಂದು. ಯಂತ್ರಗಳ ಸವಕಳಿಯೂ ಅಂದಾಜಿನದೇ. ಅದನ್ನು ಯಾರೂ ಬರೆಯದೆ ಬಿಡುವುದಿಲ್ಲ. ಖ್ಯಾತ ಹೂಡಿಕೆದಾರ ವಾರೆನ್ ಬಫೆಟ್ ಮೊದಲಾದವರು ಇದು ಖರ್ಚೇ ಎಂದು ಪಟ್ಟುಹಿಡಿದು ವಾದಿಸಿದರು. 2001ರಲ್ಲಿ ಎನ್ರಾನ್ ಎಂಬ ಭಾರಿ ಸಂಸ್ಥೆ ದಿವಾಳಿಯಾದ ಮೇಲೆ ಕಂಪನಿಗಳ ಲೆಕ್ಕಗಳ ಮೇಲೆ ಜನರಿಗಿದ್ದ ನಂಬಿಕೆ ಕುಸಿಯಿತು. 2004ರ ಡಿಸೆಂಬರಿನಲ್ಲಿ ಮಂಡಳಿಯು ತನ್ನ ಹಳೆಯ ಸೂಚನೆಯನ್ನು ಕಡ್ಡಾಯ ನಿಯಮವನ್ನಾಗಿ ಮಾಡಿತು.

ಭಾರತದ ದೊಡ್ಡ ಸಂಸ್ಥೆಗಳಿಗೆ 2016ರಿಂದ ಅನ್ವಯಿಸತೊಡಗಿದ ಲೆಕ್ಕಪತ್ರ ನಿಯಮಗಳೂ ಇದನ್ನೇ ವಿಧಿಸುತ್ತವೆ. ಹಕ್ಕು ನೀಡಿದ ದಿನದಂದು ಅದರ ಮೌಲ್ಯವನ್ನು ಅಂದಾಜು ಮಾಡಿ, ಅದಕ್ಕಾಗಿ ನೌಕರನು ದುಡಿಯಬೇಕಾದ ವರ್ಷಗಳಿಗೆ ಹಂಚಿ, ಸಂಬಳದಂತೆಯೇ ಖರ್ಚಿನ ಕಡೆ ಬರೆಯಬೇಕು.