ರುಚಿಯು ವಸ್ತುವಿನಲ್ಲಿದೆಯೇ, ನಮ್ಮಲ್ಲಿದೆಯೇ?

ಒಬ್ಬನಿಗೆ ಸವಿಯೆನಿಸಿದ ಪದಾರ್ಥವು ಮತ್ತೊಬ್ಬನಿಗೆ ಸಪ್ಪೆಯೆನಿಸುವುದುಂಟು. ಹಾಗಾದರೆ ರುಚಿಯ ವಿಷಯದಲ್ಲಿ ಸರಿ ತಪ್ಪುಗಳ ಮಾತೇ ಸಲ್ಲದೇ? ಈ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ತತ್ತ್ವಜ್ಞನಾದ ಡೇವಿಡ್ ಹ್ಯೂಮನು 1757ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಚರ್ಚಿಸಿರುವನು. ಸರ್ವಾಂಟಿಸನ 'ಡಾನ್ ಕ್ವಿಕ್ಸೋಟ್' ಗ್ರಂಥದಿಂದ ಆತನು ಎತ್ತಿಕೊಂಡ ಕಥೆ ಹೀಗಿದೆ: ಪೀಪಾಯಿಯೊಂದರ ದ್ರಾಕ್ಷಾಮದ್ಯವನ್ನು ಸವಿದ ಇಬ್ಬರಲ್ಲಿ ಒಬ್ಬನು ಅದಕ್ಕೆ ತೊಗಲಿನ ರುಚಿ ಸೋಂಕಿದೆಯೆಂದನು, ಮತ್ತೊಬ್ಬನು ಕಬ್ಬಿಣದ ರುಚಿಯೆಂದನು. ಜನರು ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ಪಟ್ಟಿ ಕಟ್ಟಿದ ಬೀಗದ ಕೈ ದೊರೆಯಿತು! ಇಬ್ಬರ ರುಚಿಗೂ ವಸ್ತುವಿನಲ್ಲಿಯೇ ಆಧಾರವಿದ್ದಿತು.

ಆದರೆ 2001ರಲ್ಲಿ ಪ್ರಕಟವಾದ ಪ್ರಯೋಗವೊಂದು ಇನ್ನೊಂದು ಮುಖವನ್ನು ತೋರಿಸಿತು. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾನಿಲಯದಲ್ಲಿ ದ್ರಾಕ್ಷಾಮದ್ಯದ ಶಾಸ್ತ್ರವನ್ನು ಅಭ್ಯಸಿಸುತ್ತಿದ್ದ 54 ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿದ ಬಿಳಿಯ ಮದ್ಯವನ್ನು ಕೊಡಲಾಯಿತು. ಅವರು ಅದರ ಪರಿಮಳವನ್ನು ಕೆಂಪು ಮದ್ಯಕ್ಕೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು. ಕಣ್ಣು ಮೂಗನ್ನು ವಂಚಿಸಿದ್ದಿತು!

ಇದರಿಂದ ಹ್ಯೂಮನ ಮಾತು ಸುಳ್ಳಾಗಲಿಲ್ಲ. ರುಚಿಯನ್ನು ಅಳೆಯುವವನಿಗೆ ಅಭ್ಯಾಸವೂ ಹೋಲಿಸುವ ಶಕ್ತಿಯೂ ಇದ್ದು, ಪೂರ್ವಗ್ರಹ ಮಾತ್ರ ಇರಕೂಡದೆಂದು ಆತನೇ ಹೇಳಿದ್ದನು. ಕಣ್ಣು ಕಂಡ ಬಣ್ಣವೂ ಒಂದು ಪೂರ್ವಗ್ರಹವೇ ಅಲ್ಲವೇ? ಭೌತಶಾಸ್ತ್ರದಲ್ಲಿ ನಾವು ಉಪಕರಣದ ದೋಷವನ್ನು ಮೊದಲು ಅರಿತು, ಆಮೇಲೆ ಅದರ ಅಳತೆಯನ್ನು ನಂಬುತ್ತೇವೆ. ನಾಲಗೆ ಮೂಗುಗಳೆಂಬ ಉಪಕರಣಗಳಿಗೂ ಇದೇ ನಿಯಮವು ಅನ್ವಯಿಸುತ್ತದೆ.