ಹೋಮದ ಬೆಂಕಿ

ಉದಯಗಿರಿಯಲ್ಲಿ ಒಂದು ವಠಾರ. ಒಂದೇ ಸೂರು, ಆರು ಮನೆ. ಮೊದಲ ಮನೆಯಲ್ಲಿ ನಾಳೆ ಗಣಹೋಮ.

"ಹೋಮ ಎಲ್ಲಿ ಮಾಡ್ತೀಯವ್ವ?" ಪಕ್ಕದ ಮನೆ ಅಜ್ಜಿ ಕೇಳಿದರು.

"ಬಾಗಿಲ ಮುಂದಿನ ಸಂದಿಯಲ್ಲಿ ಅಜ್ಜಿ."

"ಬೇಡವ್ವ. ಆರು ಮನೆಗೂ ಅದೊಂದೇ ದಾರಿ. ಬೆಂಕಿ ಹತ್ತಿದರೆ ಮಕ್ಕಳು ಹೊರಗೆ ಬರೋದು ಹೇಗೆ?"

ಅಜ್ಜಿ ಮುಂದುವರಿಸಿದರು: "ಮೈಸೂರು ಅರಮನೆಯೇ ಸುಟ್ಟು ಹೋಗಿತ್ತು. 1897ರಲ್ಲಿ. ಆಗ ಅದು ಮರದ ಅರಮನೆ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯ. ಈಗಿರೋ ಅರಮನೆ ಮುಗಿದದ್ದು 1912ರಲ್ಲಿ. ಅರಸರು ಹೊಸದು ಕಟ್ಟಿಸಿಕೊಂಡರು. ನಮಗೆ ಯಾರು ಕಟ್ಟಿಕೊಡ್ತಾರೆ?"

ಹೋಮ ಸಂದಿಯಿಂದ ಅಂಗಳಕ್ಕೆ ಬಂತು.

ನೆನಪಿಡಿ

1. ಬಾಗಿಲು, ಮೆಟ್ಟಿಲ ಬಳಿ ಬೆಂಕಿ ಹಾಕಬೇಡಿ.
2. ಚಪ್ಪರದ ಬಟ್ಟೆ, ಗರಿ, ಗ್ಯಾಸ್ ಸಿಲಿಂಡರ್ ದೂರ ಇರಲಿ.
3. ಸೆರಗು ಸೊಂಟಕ್ಕೆ ಸಿಕ್ಕಿಸಿ.
4. ಪಕ್ಕದಲ್ಲಿ ನೀರು, ಮರಳು ಇಡಿ. ತುಪ್ಪ ಹೊತ್ತಿ ಉರಿದರೆ ನೀರು ಸುರಿಯಬೇಡಿ. ಮರಳು ಹಾಕಿ.
5. ಸೀರೆಗೆ ಬೆಂಕಿ ಹತ್ತಿದರೆ ಓಡಬೇಡಿ. ನೆಲದ ಮೇಲೆ ಹೊರಳಿ. ಸುಟ್ಟ ಜಾಗಕ್ಕೆ ತಣ್ಣೀರು ಹಾಕಿ.
6. ಕೆಂಡ ಆರುವ ತನಕ ಒಬ್ಬರು ಕಾವಲಿರಿ.
7. ಬೆಂಕಿ ಕೈಮೀರಿದರೆ ಎಲ್ಲರೂ ಹೊರಗೆ ಬನ್ನಿ. 101ಕ್ಕೆ ಫೋನ್ ಮಾಡಿ.

ಉತ್ತರ ಬರೆಯಿರಿ

1. ಅಜ್ಜಿ ಸಂದಿಯಲ್ಲಿ ಹೋಮ ಬೇಡ ಎಂದದ್ದು ಏಕೆ?
2. ನಿಮ್ಮ ಮನೆಯಿಂದ ಹೊರಬರಲು ಎಷ್ಟು ದಾರಿ ಇದೆ?